ಎರಡು ಮಡಕೆಯ ಸ್ಟೀರಿಯೋ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹಾಡು ಮಡಕೆಯೊಳಗಿಂದ ಬರುತ್ತಿತ್ತು. ನಗಬೇಡಿ ಮಕ್ಕಳೇ, ಇದು ಅಜ್ಜಿ ಕಟ್ಟಿದ ಕಥೆಯಲ್ಲ. ಅದು ಕ್ಯಾಸೆಟ್ಟಿನ ಕಾಲ. ಅಂಗಡಿಯಲ್ಲಿ ಹೊಳೆಯುತ್ತ ಕುಳಿತ ಹೊಸ ಸ್ಟೀರಿಯೋ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಆಸೆಯಿದ್ದವರು ಒಂದೊಂದೇ ಸಾಮಾನು ತಂದು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು.

ನಾವು ಬನ್ನೂರಿನಲ್ಲಿದ್ದೆವು. ಅಪ್ಪ ಅಲ್ಲಿನ ಒಂದು ರೈಸ್ ಮಿಲ್ಲಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ಇಡೀ ಮಿಲ್ಲು ಅವನ ಕಿವಿಯನ್ನು ನಂಬಿತ್ತು. ಮೆಷಿನ್ ಓಡುವಾಗಲೇ ಸದ್ದು ಕೇಳಿ ಯಾವ ಬೇರಿಂಗ್ ಸವೆದಿದೆ, ಯಾವ ಬೆಲ್ಟು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಮನೆಯಲ್ಲೂ ಸದ್ದಿನ ವಿಷಯ ಬಂದರೆ ಅಪ್ಪ ಹೇಳಿದ್ದೇ ವೇದವಾಕ್ಯ. ಕೋಪವೂ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಬೇರೆ ವಿಷಯಗಳಲ್ಲೂ ಹೆಚ್ಚುಕಡಿಮೆ ಹಾಗೇ.

ನಮ್ಮ ಸ್ಟೀರಿಯೋ ಹಬ್ಬಕ್ಕೊಂದು ಸಾಮಾನಿನಂತೆ ಬಂತು. ಯುಗಾದಿಗೆ ನಂಜನಗೂಡಿನಿಂದ ಯಾವುದೋ ಕಾರಿನಿಂದ ಬಿಚ್ಚಿದ ಹಳೆಯ ಟೇಪ್ ಡೆಕ್. ಅದಕ್ಕೆ ಕರೆಂಟ್ ಇಳಿಸಿ ಕೊಡುವ ಎಲಿಮಿನೇಟರ್ ಡಬ್ಬ ಗೌರಿ ಹಬ್ಬದ ಹೊತ್ತಿಗೆ. ದೀಪಾವಳಿ ಕಳೆದ ಮೇಲೆ ನರಸೀಪುರದ ರೇಡಿಯೋ ರಿಪೇರಿ ಅಂಗಡಿಯಿಂದ ಎರಡು ಸ್ಪೀಕರ್, ಬರೀ ಸ್ಪೀಕರ್. ಅವಕ್ಕೆ ಮರದ ಪೆಟ್ಟಿಗೆ ಮಾಡಿಸಲು ದುಡ್ಡಿರಲಿಲ್ಲ. ಅದಕ್ಕೇ ಮಡಕೆ. ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿದರೆ ತಬಲದ ಸದ್ದು ಗುಂಯ್ ಎಂದು ಎದೆಗೇ ತಾಗುತ್ತದೆ. ಆಗ ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಿದ್ದರು. ಅಕ್ಕ, ನಾನು ಸಂತೆಯಲ್ಲಿ ಕುಳಿತು ಒಂದೇ ಅಳತೆಯ, ಒಂದೇ ದನಿಯ ಎರಡು ಮಡಕೆ ಸಿಗುವವರೆಗೆ ಬೆರಳಲ್ಲಿ ತಟ್ಟಿ ತಟ್ಟಿ ನೋಡಿದೆವು. ಮಡಕೆ ಮಾರುವಾಕೆಗೆ ಸಾಕಾಯಿತು. "ಮಡ್ಕೆ ತಕ್ಕೊಳಕ್ ಬಂದ್ರೋ, ಮದ್ದಲೆ ತಕ್ಕೊಳಕ್ ಬಂದ್ರೋ?" ಎಂದಳು.

ಮಿಲ್ಲಿಗೂ ಶಾಲೆಗೂ ರಜೆಯಿದ್ದ ಒಂದು ದಿನ ಬೆಳಿಗ್ಗೆ ಜೋಡಿಸುವ ಕೆಲಸ ಶುರುವಾಯಿತು. ನಡುಮನೆಯ ಎರಡು ಮೂಲೆಗೆ ಹುಲ್ಲಿನ ಸಿಂಬಿ ಇಟ್ಟು ಅದರ ಮೇಲೆ ಮಡಕೆ ಕೂರಿಸಿದೆವು. ಅಪ್ಪ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮಡಕೆಯ ಬಾಯಿಗೆ ಸುತ್ತಿ, ಸ್ಪೀಕರ್ ಇಟ್ಟು, ವೈರನ್ನು ಹಲ್ಲಲ್ಲೇ ಸುಲಿದು ಸೇರಿಸಿದ. ಹೊಸ ಮಣ್ಣಿನ ವಾಸನೆಯೂ ಅಪ್ಪನ ಅಂಗಿಯ ತೌಡಿನ ವಾಸನೆಯೂ ಮನೆ ತುಂಬಿದ್ದವು. ಕ್ಯಾಸೆಟ್ ಹಾಕಿದ. ಎಡಗಡೆಯ ಮಡಕೆಯಿಂದ ಕೊಳಲು ಬಂತು, ಬಲಗಡೆಯದರಿಂದ ತಬಲ. ಅಲ್ಲಿಯವರೆಗೆ ಒಂದೇ ಕಡೆಯಿಂದ ಹಾಡುವ ರೇಡಿಯೋ ಕೇಳಿದ್ದ ನನಗೆ ಮೈ ಜುಂ ಎಂದಿತು.

ಅಪ್ಪ ಎರಡರ ಮಧ್ಯೆ ಚಾಪೆಯ ಮೇಲೆ ಕುಳಿತು ಕೇಳಿದ. ಆಮೇಲೆ ಹುಬ್ಬು ಗಂಟು ಹಾಕಿದ. "ಎಡ್ಗಡೇದು ಮಾತಾಡ್ತಿಲ್ಲ" ಎಂದ. ಹತ್ತಿರ ಸರಿದು, ಎಡಗಡೆಗೆ ಬಾಗಿ, ಸ್ಪೀಕರಿನ ಮೇಲೆ ಬೆರಳಿಟ್ಟು ನೋಡಿ, "ಅದುರ್ತದೆ, ಸದ್ದಿಲ್ಲ. ಕೇಳ್ತದಾ ನಿಮ್ಗೆ?" ಎಂದು ಕೇಳಿದ.

ಕೊಳಲು ಚೆನ್ನಾಗಿಯೇ ಕೇಳುತ್ತಿತ್ತು. ನಾನು ಅಕ್ಕನ ಮುಖ ನೋಡಿದೆ. ಅಕ್ಕ "ಇಲ್ಲ ಅಪ್ಪ" ಎಂದಳು. ನಾನೂ "ಇಲ್ಲ" ಎಂದೆ. ಅದು ಬರೀ ಹೆದರಿಕೆಯಲ್ಲ. ಅಪ್ಪನ ಕಿವಿಗೆ ಕೇಳದ್ದು ನನ್ನ ಕಿವಿಗೆ ಹೇಗೆ ಕೇಳೀತು ಎಂದು ನಿಜಕ್ಕೂ ಅನುಮಾನ ಬಂದಿತ್ತು.

ಅಪ್ಪ ಇನ್ನೇನನ್ನೂ ನೋಡಲಿಲ್ಲ. ಸ್ಪೀಕರ್ ಕಿತ್ತು, ಟವೆಲ್ಲಿನಲ್ಲಿ ಸುತ್ತಿ, ನನ್ನನ್ನು ಕರೆದುಕೊಂಡು ನರಸೀಪುರದ ಬಸ್ಸು ಹತ್ತಿದ. ಅಂಗಡಿಯ ಮೆಟ್ಟಿಲಿನಿಂದಲೇ ಶುರುಮಾಡಿದ. "ಏನ್ರೀ, ಮೂಗ ಸ್ಪೀಕರ್ ಕೊಟ್ಟಿದ್ದೀರಲ್ಲ! ನಮ್ಗೆ ಗೊತ್ತಾಗಕಿಲ್ಲ ಅನ್ಕಂಡ್ರಾ?" ರಿಪೇರಿಯವನು ಜಗಳಕ್ಕೆ ಬರಲಿಲ್ಲ. "ತಾಳಿ ಅಣ್ಣ, ಹಾಕ್ ನೋಡಾನ" ಎಂದು ವೈರು ಸಿಕ್ಕಿಸಿ, ಸಣ್ಣಗೆ ಹಾಡು ಬಿಟ್ಟು, ಪಕ್ಕಕ್ಕೆ ತಿರುಗಿ ನಿಂತಿದ್ದ ಅಪ್ಪನ ಎಡಗಿವಿಯ ಹತ್ತಿರ ಹಿಡಿದ.

"ಈಗ?"

"ಎಲ್ಲದೆ ಸದ್ದು?" ಎಂದ ಅಪ್ಪ. ಅಂಗಡಿಯಲ್ಲಿದ್ದ ಇನ್ನಿಬ್ಬರು ತಲೆಯೆತ್ತಿ ನೋಡಿದರು.

ರಿಪೇರಿಯವನು ನನ್ನ ಕಡೆ ತಿರುಗಿದ. "ನೀ ಯೋಳ್ ಮಗ, ನಿಂಗ್ ಕೇಳ್ತದಾ?"

ಹಾಡಿನ ಒಂದೊಂದು ಮಾತೂ ನನಗೆ ಕೇಳುತ್ತಿತ್ತು. ಹೌದು ಎಂದರೆ ನಾಲ್ಕು ಜನರ ಎದುರು ಅಪ್ಪನ ಕಿವಿ ಸುಳ್ಳಾಗುತ್ತದೆ. "ಇಲ್ಲ" ಎಂದೆ.

ಅವನು ನನ್ನನ್ನೇ ಒಂದು ಗಳಿಗೆ ನೋಡಿದ. ಸ್ಪೀಕರನ್ನು ಅಪ್ಪನ ಬಲಗಿವಿಯ ಕಡೆಗೆ ಒಯ್ದ. ಅಪ್ಪ ಬೆಚ್ಚಿದ. ಮತ್ತೆ ಎಡಕ್ಕೆ ಒಯ್ದ, ಮತ್ತೆ ಬಲಕ್ಕೆ. "ಸ್ಪೀಕರ್ ನೆಟ್ಗದೆ ಅಣ್ಣ. ಎಷ್ಟ್ ವರ್ಸಾಯ್ತು ಆ ಮಿಲ್ಲಿನ್ ಸದ್ದಲ್ಲಿ?" ಎಂದು ಅಪ್ಪನ ಅಂಗಿಗೆ ಮೆತ್ತಿದ್ದ ತೌಡು ನೋಡಿ ಕೇಳಿದ. "ಇಪ್ಪತ್ತಾಯ್ತು" ಎಂದು ಅಪ್ಪ ಮೆಲ್ಲಗೆ ಹೇಳಿದ. ಅಲ್ಲಿ ಯಾರೂ ನಗಲಿಲ್ಲ. ಅದಕ್ಕೆ ಆ ಅಂಗಡಿಯವರ ಋಣ ನನ್ನ ಮೇಲಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಪ್ಪನ ಎಡಗಡೆ ಕುಳಿತಿದ್ದೆ. ಸ್ವಲ್ಪ ದೂರ ಬಂದ ಮೇಲೆ ಅಪ್ಪ ನನ್ನನ್ನು ಎಬ್ಬಿಸಿ ಬಲಗಡೆ ಕೂರಿಸಿಕೊಂಡ.

"ನಿಂಗ್ ಕೇಳ್ತಿತ್ತಾ?"

"ಹೂಂ."

"ಮನೇಲೂವೆ?"

"ಹೂಂ."

"ಮತ್ಯಾಕ್ ಯೋಳ್ನಿಲ್ಲ?"

"ನೀನೇ ಇಲ್ಲ ಅಂದ್ಯಲ್ಲ ಅಪ್ಪ."

ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಕಬ್ಬಿನ ಗದ್ದೆಗಳು ಮುಗಿಯುವವರೆಗೂ ಅಪ್ಪ ತನ್ನ ಎಡಗಿವಿಯನ್ನು ಬೆರಳಲ್ಲಿ ತಟ್ಟಿ ತಟ್ಟಿ ನೋಡುತ್ತಿದ್ದ. ಆಮೇಲೆ, "ನಾ ಕೇಳ್ದಾಗ ದಿಟ ಯೋಳ್ಬೇಕು ಕಣವ್ವ. ಮಿಲ್ಲಲ್ಲೂ ನಂಗೆ ಯಾರೂ ಎದುರಾಡಕಿಲ್ಲ. ಮೆಷಿನ್ ಸರ್ಯಾಗದೆ ಅಂತ ನಾನಂದು, ಅದ್ರಲ್ಲಿ ಯಾರ್ದಾದ್ರೂ ಕೈ ಓಗಿದ್ರೆ?" ಎಂದ. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಅಳು ಬಂತು.

ಮಾರನೇ ದಿನ ಅಪ್ಪನೇ ಮಿಲ್ಲಿನ ಯಜಮಾನರಿಗೆ ವಿಷಯ ಹೇಳಿದ. ಮೆಷಿನ್ ಇನ್ನೊಬ್ಬನ ಕೈಗೆ ಹೋಯಿತು, ಅಪ್ಪನನ್ನು ಅಕ್ಕಿ ತೂಗುವ ಕಡೆಗೆ ಹಾಕಿದರು. ಆ ಕೆಲಸ ಅವನಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಅಕ್ಕ ಎರಡೂ ಮಡಕೆಗಳನ್ನು ಅಪ್ಪ ಕೂರುವ ಚಾಪೆಯ ಬಲಗಡೆಗೇ ಎಳೆದಿಟ್ಟಳು. ಅದನ್ನು ಸ್ಟೀರಿಯೋ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ನಾವಂತೂ ವರ್ಷಗಟ್ಟಲೆ ಹಾಗೇ ಹಾಡು ಕೇಳಿದೆವು.

ಈಗ ನಿಮಗೆ ಮಡಕೆಯೂ ಬೇಡ, ವೈರೂ ಬೇಡ. ಅಂಗೈಯಗಲದ ಡಬ್ಬವೇ ಮನೆ ಅದುರುವಂತೆ ಹಾಡುತ್ತದೆ. ಅದಕ್ಕೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಕಿಚ್ಚಿರುವುದು ನಿಮ್ಮ ಬಾಯಿಯ ಮೇಲೆ. ಹೋದ ತಿಂಗಳು ನಾನು ಟಿವಿ ನೋಡುತ್ತಿದ್ದಾಗ ನಿಮ್ಮಲ್ಲಿ ಚಿಕ್ಕವಳು ಬಂದು, ಸೊಂಟದ ಮೇಲೆ ಕೈಯಿಟ್ಟು, "ಅಜ್ಜಿ, ಇಷ್ಟ್ ಜೋರಾಗಿ ಇಟ್ಟಿದ್ದೀಯ, ನಿಂಗೆ ಕಿವಿ ಕೇಳ್ಸಲ್ಲ ಅಲ್ವಾ?" ಎಂದಳು. ಅಡುಗೆಮನೆಯಿಂದ ಅವಳಮ್ಮ, "ದೊಡ್ಡೋರ್ಗೆ ಹಂಗೆಲ್ಲ ಅನ್ಬಾರ್ದು" ಎಂದು ಗದರಿದಳು. ನಾನು ಟಿವಿ ಸದ್ದು ಇಳಿಸಿದೆ. ಮಾರನೇ ದಿನ ಮೈಸೂರಿಗೆ ಹೋಗಿ ಕಿವಿ ತೋರಿಸಿದೆ. ಮಗು ಹೇಳಿದ್ದು ಸರಿಯಾಗಿತ್ತು.