ತೊಂಬತ್ತೊಂಬತ್ತು ಕುರಿಗಳ ಗತಿ

ಹಳೆಯ ದಿನಪತ್ರಿಕೆಯ ಹೊದಿಕೆ ಹಾಕಿದ ಪುಸ್ತಕ ಕಂಡರೆ ಶಾಲೆಯ ಮಕ್ಕಳದೆಂದು ನೀವು ತಿಳಿಯುತ್ತೀರಿ. ಚಳ್ಳಕೆರೆಯ ನಮ್ಮ ಮನೆಯಲ್ಲಿ ಅಂಥದ್ದೊಂದನ್ನು ಇಟ್ಟುಕೊಂಡವನು ನಲವತ್ತರ ಸಮೀಪದ ಕನ್ನಡ ಮೇಷ್ಟ್ರು, ಅಂದರೆ ನಾನು. ಒಳಗಿದ್ದದ್ದು ಕ್ರೈಸ್ತರ ಧರ್ಮಗ್ರಂಥ. ಅದರ ಅಲಂಕಾರಗಳ ಮೇಲೆ ಒಂದು ಲೇಖನ ಬರೆಯುವ ಹುಚ್ಚು ಹತ್ತಿತ್ತು. ವಿಭೂತಿಯಿಲ್ಲದೆ ನೀರೂ ಮುಟ್ಟದ ಅವ್ವನಿಗೆ ತಿಳಿಯದಿರಲೆಂದು ಹಾಕಿದ ಆ ಹೊದಿಕೆಯೇ ಅವಳ ಅನುಮಾನಕ್ಕೆ ಮೂಲವಾಯಿತು. ಓದು ಬಾರದ ಅವಳು ಯಾರಿಂದಲೋ ಓದಿಸಿ, ಮಗ ಮತ ಬಿಟ್ಟು ಹೋಗುತ್ತಾನೆಂದು ಹೆದರಿದ್ದಳು. ಬಾಯಿಬಿಟ್ಟು ಕೇಳಲಿಲ್ಲ, ಬೆಳಗಾದರೆ ನನ್ನ ಹಣೆಯನ್ನೇ ನೋಡುತ್ತಿದ್ದಳು.

ಅನುಮಾನದಲ್ಲಿ ನಾನೇನು ಕಡಿಮೆ? ನನ್ನ ಗುಮಾನಿಯೆಲ್ಲ ಆ ಗ್ರಂಥದ ಕುರುಬನ ಮೇಲೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ, ಉಳಿದ ತೊಂಬತ್ತೊಂಬತ್ತನ್ನು ಬಯಲಲ್ಲಿ ಬಿಟ್ಟು ಅದನ್ನು ಹುಡುಕಿ ಹೋಗುತ್ತಾನಂತೆ. ಕುರಿಯೆಂದರೆ ದಾರಿತಪ್ಪಿದ ಮನುಷ್ಯ, ಕುರುಬನೆಂದರೆ ದೇವರು, ರೂಪಕವೇನೋ ಸರಿ. ಆದರೆ ಮಂದೆಯನ್ನು ತೋಳದ ಬಾಯಿಗೊಪ್ಪಿಸುವುದು ಎಂಥ ಕಾಳಜಿ? ಅಂಚಿನಲ್ಲಿ ಪೆನ್ಸಿಲಿನಿಂದ 'ಅತಿಶಯೋಕ್ತಿ' ಎಂದು ಬರೆದೆ. ಅಷ್ಟಕ್ಕೂ ಸಮಾಧಾನವಾಗದೆ, ಕುರಿ ಕಾಯುವವರನ್ನೇ ಕೇಳಿಬಿಡೋಣವೆಂದು, ಅಣ್ಣನ ಮಗಳ ನಿಶ್ಚಿತಾರ್ಥದ ಮರುದಿನ, ಮನೆ ತುಂಬ ನೆಂಟರಿರುವಾಗಲೇ, ಯಾರಿಗೂ ಹೇಳದೆ ಪುಸ್ತಕ ಹಿಡಿದು ಕುದಾಪುರದ ಬಸ್ಸು ಹತ್ತಿದೆ. ಅಲ್ಲಿನ ಹುಲ್ಲುಗಾವಲಿಗೆ ಆಗಿನ್ನೂ ಸಂಶೋಧನಾ ಕೇಂದ್ರಗಳ ಗೋಡೆ ಎದ್ದಿರಲಿಲ್ಲ.

ಎಷ್ಟು ಕುರಿ ಎಂದು ಕೇಳಿದ್ದೇ ತಡ, ಮೇಯಿಸುತ್ತಿದ್ದ ಓಬಣ್ಣನ ಮುಖ ಬಿಗಿಯಿತು.

"ಎಣಿಸ್ಕಂಡು ಬಾ ಅಂತ ಯಾರ್ ಕಳ್ಸ್ಯಾರೆ ಸಾರ್?"

ಕಥೆ ಹೇಳಿದ ಮೇಲೆ ನಕ್ಕ. "ಹಂಗೇ ಯಾವನ್ ಬಿಟ್ಟೋಗ್ತಾನೆ? ಜೊತೆಗಾರ ಇರ್ತಾನಲ್ಲ, ಅವ್ನ ಕೈಗೆ ಒಪ್ಸಿ ಹೋಗ್ತೀವಿ. ಇದನ್ನೂ ಬರೀಬೇಕಾ?"

ಕುರಿ ಬಲ್ಲವರಿಗೆ ಹೇಳಿದ ಕಥೆಯಲ್ಲಿ ಅವರಿಗೆ ಗೊತ್ತಿದ್ದದ್ದನ್ನು ಬಿಟ್ಟಿದ್ದರೇನೋ. ಹಾಗೆ ಬಿಟ್ಟ ಮಾತನ್ನು ನಾನು ಅಲಂಕಾರವೆಂದು ಓದಿದ್ದೆನೇನೋ. ಆದರೂ ಪೆನ್ಸಿಲಿನ ಗುರುತು ಅಳಿಸಲು ಮನಸ್ಸಾಗಲಿಲ್ಲ. ಓಬಣ್ಣ ತನ್ನ ಕಸುಬನ್ನೇ ಆ ಕಥೆಗೆ ತೊಡಿಸಿರಬಹುದಲ್ಲ!

ಮಧ್ಯಾಹ್ನದ ಬಸ್ಸಿನಿಂದ ಅವ್ವ ಇಳಿದಳು. ಬಸ್ ಸ್ಟ್ಯಾಂಡಿನ ಹೂವಿನವನನ್ನು ಕೇಳಿ ನಾನು ಹೋದ ಕಡೆ ಪತ್ತೆ ಹಚ್ಚಿದ್ದಳು. ಬಿಸಿಲಲ್ಲಿ ಏದುಸಿರು ಬಿಡುತ್ತ ಬಂದು ಪುಸ್ತಕವನ್ನೂ ನನ್ನನ್ನೂ ನೋಡಿದಳು.

"ಇಲ್ಲಿ ಯಾರತ್ರ ಬಂದಿದ್ಯಪ್ಪ? ನಮ್ಮನ್ನ ಬಿಟ್ಟೋಗ್ತೀಯಾ?"

"ಇಲ್ಲವ್ವ, ಬರೀ ಓದಕ್ಕೆ ಇಟ್ಕಂಡಿದ್ದು. ಮನೇಲಿ ಅಷ್ಟು ಜನ ನೆಂಟರು, ನೀನ್ಯಾಕೆ ಬಂದೆ?"

"ಅವ್ರನ್ನ ನಿಮ್ಮತ್ತಿಗೆ ಕೈಗೆ ಒಪ್ಸಿ ಬಂದೀನಿ."

ಓಬಣ್ಣ ನನ್ನತ್ತ ನೋಡಿದ. ನನಗೆ ನಾಚಿಕೆಯಾಯಿತು.

ವಾಪಸು ಬಸ್ಸಿನಲ್ಲಿ ಹೊದಿಕೆ ಬಿಚ್ಚಿ ಹಾಕಿ, ಅಂಚಿನ ಆ ಪದವನ್ನು ಅವಳೆದುರಿಗೇ ಅಳಿಸಿದೆ. ಅವ್ವನಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ. ಚಳ್ಳಕೆರೆ ಬರುವವರೆಗೂ ನನ್ನ ತೋಳು ಬಿಡಲಿಲ್ಲ.