ಮೀಟರಿನ ಮೇಲಿನ ಬೊಟ್ಟು

ನೇತ್ರಾ ಕಾರು ಕಲಿಯುವ ಹೊತ್ತಿಗೆ ಅವಳಿಗೆ ಐವತ್ತು ದಾಟಿತ್ತು. ಶಿರಸಿಯಲ್ಲಿ ನಕ್ಕವರೆಲ್ಲ, ಮೊದಲ ಸಲಕ್ಕೇ ಲೈಸೆನ್ಸು ಬಂದಾಗ ಸುಮ್ಮನಾದರು. ಸುಮ್ಮನಾಗದವರು ಒಬ್ಬರೇ, ಅವಳ ಯಜಮಾನರು ವೆಂಕಟ್ರಮಣ ಹೆಗಡೇರು. ಅವಳು ಕಾರು ಹೊಡೆಯುವಾಗಲೆಲ್ಲ ಪಕ್ಕದ ಸೀಟಿನಲ್ಲಿ ಅವರು ಹಾಜರು, ಬಾಯಲ್ಲಿ ಒಂದೇ ಮಂತ್ರ.

"ನಲವತ್ತು, ನೇತ್ರಾ. ನಲವತ್ತು ದಾಟ್ಸಡ."

ಗಂಟೆಗೆ ನಲವತ್ತು ಕಿಲೋಮೀಟರ್. ಹೆಗಡೇರು ಜೀವಮಾನದಲ್ಲಿ ಅದರ ಮೇಲೆ ಹೋದವರಲ್ಲ. ಅವರ ಕಾರನ್ನು ಹಾಲಿನ ಟೆಂಪೋ ದಾಟಿದೆ, ಟ್ರ್ಯಾಕ್ಟರ್ ದಾಟಿದೆ, ಹುಲ್ಲು ಹೇರಿಕೊಂಡ ಲಗೇಜ್ ರಿಕ್ಷಾ ಕೂಡ ಹಾರ್ನ್ ಹೊಡೆದು ದಾಟಿದೆ. ಮೀಟರಿನಲ್ಲಿ ಮುಳ್ಳಿಲ್ಲ, ದೊಡ್ಡ ಅಂಕೆ ಮಾತ್ರ. ನಲವತ್ತೊಂದು ಬಂದರೆ ಪಕ್ಕದಿಂದ ಕೆಮ್ಮು, ನಲವತ್ತೆರಡಕ್ಕೆ ನಾರಾಯಣ ಸ್ಮರಣೆ. ಆ ಮನುಷ್ಯ ರಸ್ತೆ ನೋಡುವವರೇ ಅಲ್ಲ, ಅಂಕೆ ನೋಡುವವರು.

ಇನ್ನು ಕಾರಿನ ಬೀಗದ ಕೈ. ಹಿಂದಿನವರು ತಿಜೋರಿಯದನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರಲ್ಲ, ಇವರು ಕಾರಿನದನ್ನು ಕಟ್ಟಿಕೊಂಡಿದ್ದರು. ಸ್ನಾನಕ್ಕೆ ಹೋದರೆ ಬಚ್ಚಲಿಂದ ಕಿಣಿಕಿಣಿ ಕೇಳುತ್ತಿತ್ತು. ಆ ಸದ್ದಿಗೆ ನೇತ್ರಾಳ ಮೈಯೆಲ್ಲ ಉರಿಯುತ್ತಿತ್ತು.

ಅವಳಿಗೆ ಬೇಕಾಗಿದ್ದು ಆ ಬೀಗದ ಕೈ. ಅಕ್ಕ ದಾಕ್ಷಾಯಿಣಿ ಇರುವುದು ಯಲ್ಲಾಪುರದಾಚೆ, ಇಡಗುಂದಿಯಲ್ಲಿ. ಅಕ್ಕನನ್ನು ಕಾರಿಗೆ ಹತ್ತಿಸಿಕೊಂಡು, ಇಬ್ಬರೇ ಮಾಗೋಡಿಗೆ ಹೋಗಿ, ಜಲಪಾತದ ಎದುರು ಬುತ್ತಿ ಬಿಚ್ಚಿ, ಊರವರನ್ನೆಲ್ಲ ಮನಸಾರೆ ಆಡಿಕೊಳ್ಳಬೇಕು. ಯಜಮಾನರು ಜೊತೆಗಿದ್ದರೆ ಅದೆಲ್ಲ ಆಗದ ಮಾತು. ಅಕ್ಕತಂಗಿಯರ ನಡುವೆ ಕುರ್ಚಿ ಹಾಕಿ ಕೂತು, ಮಾತು ರುಚಿಗೆ ಬರುವಷ್ಟರಲ್ಲಿ "ಹೊರಡನ" ಅನ್ನುತ್ತಾರೆ. ನಲವತ್ತರಲ್ಲಿ ಮನೆ ಮುಟ್ಟಬೇಕಲ್ಲ!

ಕೊನೆಗೊಂದು ದಿನ ಹೆಗಡೇರೇ ಶರತ್ತು ಹಾಕಿದರು. "ಶಿರಸಿಯಿಂದ ಇಡಗುಂದಿಗೆ ಹೋಗಿ ಬರವು. ಒಂದ್ಸಲನೂ ನಲವತ್ತು ದಾಟ್ಲಾಗ. ದಾಟದಿದ್ರೆ ಬೀಗದ ಕೈ ನಿಂಗೇ ಕೊಡ್ತೆ."

ನೇತ್ರಾ ಒಪ್ಪಿದಳು. ಒಪ್ಪುವಾಗಲೇ ಅವಳ ತಲೆಯಲ್ಲಿ ಗಫೂರ್ ಹೇಳಿದ್ದು ಓಡುತ್ತಿತ್ತು. ಅಬ್ದುಲ್ ಗಫೂರ್ ಅವರ ಕಾರಿನ ಮೆಕ್ಯಾನಿಕ್. ಹಿಂದಿನ ಸಲ ಸರ್ವಿಸ್ ಮಾಡುವಾಗ ಮೀಟರಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಾಗ ಅಂಕೆಯ ಕೆಳಗಿನ ಸಣ್ಣ ಅಕ್ಷರ ಬದಲಾಗಿತ್ತು. "ಹೆದರ್ಬೇಡಿ ಅಕ್ಕಾ, ಇದು ಮೈಲಿಗೆ ಹೋಯ್ತು ಅಷ್ಟೆ. ಹೊರದೇಶದ ಲೆಕ್ಕ. ಇದ್ರಲ್ಲಿ ನಲವತ್ತು ಅಂದ್ರೆ ನಮ್ಮ ಅರವತ್ನಾಲ್ಕು," ಎಂದು ನಕ್ಕು ಮತ್ತೆ ಒತ್ತಿ ಸರಿಮಾಡಿದ್ದ. ಕೆಲವು ಮಾತು ಒಂದು ಸಲ ಕೇಳಿದರೆ ಸಾಕು.

ಪರೀಕ್ಷೆಯ ದಿನ ಬೆಳಿಗ್ಗೆ ಕಾರು ಚಾಲು ಮಾಡಿದ ಮೇಲೆ ಹೆಗಡೇರಿಗೆ ಕವಳದ, ಅಂದರೆ ಎಲೆಯಡಿಕೆಯ, ಸಂಚಿ ನೆನಪಾಯಿತು. ಕವಳ ಹಾಕದೆ ಅವರು ಪ್ರಯಾಣ ಮಾಡುವವರಲ್ಲ. ಹುಡುಕಲು ಒಳಗೆ ಹೋದರು. ಸಂಚಿ ಅಕ್ಕಿ ಡಬ್ಬಿಯ ಹಿಂದಿತ್ತು. ಅಲ್ಲಿಗೆ ಅದು ತಾನಾಗಿ ನಡೆದುಕೊಂಡು ಹೋಗಿರಲಿಲ್ಲ ಅಂತ ಬೇರೆ ಹೇಳಬೇಕೆ? ಅವರು ಹೊರಬರುವಷ್ಟರಲ್ಲಿ ಗುಂಡಿ ಒತ್ತಿ ಆಗಿತ್ತು, ಹಣೆಯ ಸ್ಟಿಕರ್ ಬೊಟ್ಟು ಆ ಸಣ್ಣ ಅಕ್ಷರದ ಮೇಲೆ ಕೂತಿತ್ತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಹೆಣ್ಣು ಅದು.

"ಇದೆಂತ?" ಎಂದರು ಹೆಗಡೇರು.

"ಗಾಡಿಗೆ ದೃಷ್ಟಿ ಆಗದಿರಲಿ ಹೇಳಿ."

"ಒಳ್ಳೇದು," ಎಂದು ಅವರು ಕೈ ಮುಗಿದರು.

ಕಾರು ಹೊರಟಿತು. ಅಂಕೆ ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು, ಅಲ್ಲೇ ನಿಂತಿತು. ಹೆಗಡೇರ ಮುಖ ಅರಳಿತು. ಯಾವಾಗಲೂ ಸ್ವರ್ಣವಲ್ಲಿ ಕ್ರಾಸಿಗೆ ಮುಗಿಯುವ ಕವಳ ಈವತ್ತು ಕ್ರಾಸ್ ದಾಟಿದರೂ ಬಾಯಲ್ಲೇ ಇತ್ತು. "ಈ ಸಲದ ಎಲೆ ಭಾರೀ ಬಾಳಿಕೆ ಬತ್ತು," ಎಂದು ಮೆಚ್ಚಿಕೊಂಡರು. ಮಂಚಿಕೇರಿ ದಾಟುತ್ತಲೇ, ಅವಳು ಸ್ಟೇರಿಂಗ್ ಹಿಡಿದಂದಿನಿಂದ ಒಮ್ಮೆಯೂ ಆಗದ ಸಂಗತಿ ಆಯಿತು. ಯಜಮಾನರು ನಿದ್ದೆ ಹೋದರು. ಗೊರಕೆ ಬೇರೆ! ನೇತ್ರಾ ಕಿಟಕಿ ಇಳಿಸಿ ಗಾಳಿ ಕುಡಿಯುತ್ತ, ಸಣ್ಣದಾಗಿ ಹಾಡು ಗುನುಗುತ್ತ ಯಲ್ಲಾಪುರ ಮುಟ್ಟಿಸಿದಳು.

ಇಡಗುಂದಿಯಲ್ಲಿ ಊಟಕ್ಕೆ ಕೂತ ಹೆಗಡೇರು ದಾಕ್ಷಾಯಿಣಿಗೆ ಉಪದೇಶ ಮಾಡಿದ್ದೇ ಮಾಡಿದ್ದು. "ನೋಡಿ, ಒಂದೇ ಹದದಲ್ಲಿ ನಲವತ್ತರಲ್ಲಿ ಬಂದ್ರೆ ಓಡಿಸಿದವ್ರಿಗಿಂತ ಬೇಗ ಮುಟ್ಟಲಾಗ್ತು." ದಾಕ್ಷಾಯಿಣಿ ತಂಗಿಯ ಮುಖ ನೋಡಿದಳು. ತಂಗಿ ಬಹಳ ಗಮನವಿಟ್ಟು ಮಜ್ಜಿಗೆ ಕುಡಿಯುತ್ತಿದ್ದಳು.

ಆಮೇಲೆ ಆದದ್ದು ಅವಳ ಲೆಕ್ಕದಲ್ಲಿ ಇರಲಿಲ್ಲ. ಹೊರಡುವಾಗ ಹೆಗಡೇರು ಹುರುಪಿನಿಂದ ಹೋಗಿ ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟರು. "ಯಲ್ಲಾಪುರದವರೆಗೆ ಆನು ಹೊಡೀತೆ. ನಲವತ್ತು ಅಂದ್ರೆ ಎಂತ ಹೇಳಿ ನೀನೂ ನೋಡು."

"ಬ್ಯಾಡ, ನಿಂಗಕ್ಕೆ ಊಟ ಆಜು, ಆನೇ..." ಎನ್ನುವಷ್ಟರಲ್ಲಿ ಕಾರು ಹೈವೇ ಹತ್ತಿತ್ತು. ಗುಂಡಿ ಇದ್ದದ್ದು ಅವರ ಕೈ ಪಕ್ಕ. ನೇತ್ರಾ ಸೆರಗು ಹಿಡಿದುಕೊಂಡು ಕೂತಳು.

ಅಂಕೆ ನಲವತ್ತಕ್ಕೆ ಬರುವುದರೊಳಗೆ ಹೆಗಡೇರ ಹಣೆಯಲ್ಲಿ ಬೆವರು. ಈಗ ಅವರು ರಸ್ತೆ ನೋಡಲೇಬೇಕಲ್ಲ. ಮರಗಳು ಹಿಂದಕ್ಕೆ ಓಡುತ್ತಿವೆ, ಎದುರಿನ ಲಾರಿ ಮೈಮೇಲೆ ಬಂದಹಾಗೆ ಬರುತ್ತಿದೆ, ತಿರುವಿನಲ್ಲಿ ಕಾರು ಒಂದು ಬದಿಗೆ ವಾಲಿತು. ಮೀಟರ್ ನೋಡಿದರು. ನಲವತ್ತೇ. ಆಕ್ಸಿಲರೇಟರ್ ಬಿಟ್ಟರು, ಮತ್ತೆ ಬಿಟ್ಟರು. ಇಪ್ಪತ್ತೈದಕ್ಕೆ ಇಳಿದ ಮೇಲೆ ಹಣೆ ಒರೆಸಿಕೊಂಡರು.

ಯಲ್ಲಾಪುರ ಬರುವವರೆಗೆ ಅವರು ಇಪ್ಪತ್ತೈದು ದಾಟಿಸಲಿಲ್ಲ. ಊರ ಬದಿಗೆ ಕಾರು ನಿಲ್ಲಿಸಿ ಬೀಗದ ಕೈ ತೆಗೆದರು. ಜನಿವಾರ ಹೊರಗೆಳೆಯಲಿಲ್ಲ, ಹೆಂಡತಿಯ ಅಂಗೈಯಲ್ಲಿಟ್ಟರು. "ಇಟ್ಕ. ಇನ್ನು ಆನು ಹೊಡೆಯದಿಲ್ಲೆ. ಇಷ್ಟು ವರ್ಷ ನಲವತ್ತರಲ್ಲಿ ಹೊಡೆದವಂಗೆ ಈಗ ಇಪ್ಪತ್ತೈದೂ ಹೆಚ್ಚಾತು. ಎಂಗೆ ವಯಸ್ಸಾತು, ನೇತ್ರಾ."

ಬಯಸಿದ ಬೀಗದ ಕೈ ಕೈಗೆ ಬಂದರೆ ಹೀಗೆ ಬರಬೇಕೆ? ಶಿರಸಿಯವರೆಗೆ ಅವಳೇ ಹೊಡೆದಳು. ಅವರು ಮೀಟರ್ ನೋಡಲಿಲ್ಲ, ಕವಳ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ದಾಕ್ಷಾಯಿಣಿ ಫೋನು ಮಾಡಿ "ಇವತ್ತೇ ಬತ್ಯನೇ?" ಎಂದು ಕೇಳಿದಳು. ನೇತ್ರಾ ಬುತ್ತಿ ಕಟ್ಟಿ ಹೊರಬಂದರೆ ಹೆಗಡೇರು ಒಳ್ಳೇ ಬಿಸಿಲಲ್ಲಿ ಶಾಲು ಹೊದ್ದು ಜಗುಲಿಯಲ್ಲಿ ಕೂತಿದ್ದರು. "ಅಪ್ಪಯ್ಯನ ಊರುಗೋಲು ಅಟ್ಟದ ಮೇಲಿತ್ತು. ಹೋಗೂಕಿಂತ ಮೊದ್ಲು ತೆಗೆದುಕೊಡು," ಎಂದರು.

ಅದು ಅವಳ ಕೈಲಿ ತಡೆದುಕೊಳ್ಳಲಾಗಲಿಲ್ಲ. ಮೋಸ ಮಾಡಿದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ, ಖುಷಿಯೇ ಇತ್ತು. ಆದರೆ ಊರುಗೋಲು ಹಿಡಿದ ಗಂಡ ಅವಳಿಗೆ ಬೇಡವಾಗಿತ್ತು.

"ಏಳಿ. ಬನ್ನಿ ಇಲ್ಲಿ," ಎಂದು ಅವರನ್ನು ಕಾರಿನೊಳಗೆ ಕೂರಿಸಿದಳು. ಉಗುರಿನಿಂದ ಬೊಟ್ಟು ಎಬ್ಬಿಸಿದಳು, ಗುಂಡಿ ಒತ್ತಿ ಅಕ್ಷರ ಬದಲಾಗುವುದನ್ನು ತೋರಿಸಿದಳು, ಸಂಚಿ ಮುಚ್ಚಿಟ್ಟಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹೇಳಿ, ಬೈಗುಳಕ್ಕೆ ತಯಾರಾಗಿ ನಿಂತಳು.

ಹೆಗಡೇರು ಬಗ್ಗಿ ಆ ಸಣ್ಣ ಅಕ್ಷರ ಓದಿದರು. "ಹಂಗಾರೆ ನಿನ್ನೆ ಹೈವೇಲಿ ಆನು ಹೊಡೆದದ್ದು?"

"ಅರವತ್ನಾಲ್ಕು."

"ಇಪ್ಪತ್ತೈದು ಅಂದ್ರೆ?"

"ನಿಂಗಳ ನಲವತ್ತೇ."

ಶಾಲು ಹೆಗಲಿಂದ ಜಾರಿತು. ಅವರು ಎತ್ತಿಕೊಳ್ಳಲಿಲ್ಲ. "ಅರವತ್ನಾಲ್ಕರಲ್ಲಿ ಆನು ಆ ತಿರುವು ತಿರುಗಿಸಿದ್ನಾ?"

"ಚೆಂದಾಗಿ ತಿರುಗಿಸಿದ್ರಿ."

ಅವರು ಸೀಟಿನಲ್ಲಿ ನೆಟ್ಟಗೆ ಕೂತರು. ಆಮೇಲೆ ಕೈ ಚಾಚಿ, "ಶರತ್ತು ಮುರಿದೆ ನೀನು. ತಾ ಬೀಗದ ಕೈ," ಎಂದರು.

ನೇತ್ರಾ ಎದುರಾಡದೆ ಕೊಟ್ಟಳು. ಮಾಗೋಡೂ ಬುತ್ತಿಯೂ ಅಕ್ಕನೂ ಕಣ್ಣೆದುರು ಬಂದು ಅಳು ಬರುವ ಹಾಗಾಯಿತು. ಹೆಗಡೇರು ಜನಿವಾರ ಹೊರಗೆಳೆದು, ಬೀಗದ ಕೈ ಕಟ್ಟತೊಡಗಿ, ಅರ್ಧ ಗಂಟಿಗೆ ಬೆರಳು ನಿಲ್ಲಿಸಿದರು.

"ಅರವತ್ನಾಲ್ಕರಲ್ಲಿ ಆನು ಹೊಡೆವಾಗ ಜೀವ ಕೈಲಿತ್ತು. ನೀನೂ ಅಷ್ಟರಲ್ಲೇ ಹೊಡೆದದ್ದು ಅಲ್ದಾ? ಆನು ಎಂತ ಮಾಡ್ತಿದ್ದೆ?"

"ಗೊರಕೆ ಹೊಡೀತಿದ್ರಿ."

"ಹ್ಞೂಂ," ಎಂದರು ಅವರು. ಕಟ್ಟಿದ್ದ ಅರ್ಧ ಗಂಟು ಬಿಚ್ಚಿ ಬೀಗದ ಕೈಯನ್ನು ಅವಳಿಗೆ ಕೊಟ್ಟರು. ಅವಳ ಬೆರಳ ತುದಿಯಲ್ಲಿದ್ದ ಬೊಟ್ಟನ್ನು ತೆಗೆದುಕೊಂಡು ಮೀಟರಿನ ಅಕ್ಷರದ ಮೇಲೆ ಒತ್ತಿ ಅಂಟಿಸಿದರು. ಅಲ್ಲಿ ಈಗ ಯಾವ ಅಕ್ಷರ ಇತ್ತೋ, ನೋಡುವ ಗೋಜಿಗೆ ಹೋಗಲಿಲ್ಲ. "ಅಕ್ಕ ಕಾಯ್ತಾ ಇರ್ತು. ಹೋಗಿ ಬಾ. ನಲವತ್ತು ದಾಟ್ಸಡ."

ಮಧ್ಯಾಹ್ನ ಮಾಗೋಡಿನಲ್ಲಿ ಅಕ್ಕತಂಗಿ ಬುತ್ತಿ ಮುಗಿಸಿ, ಶಿರಸಿಯ ಅರ್ಧ ಊರನ್ನು ಆಡಿಕೊಂಡು ಉಳಿದರ್ಧಕ್ಕೆ ಕೈ ಹಾಕುವಾಗ ಗಫೂರನ ಫೋನು ಬಂತು. "ಅಕ್ಕಾ, ಯಜಮಾನ್ರು ಬೆಳಿಗ್ಗೆಯಿಂದ ಗ್ಯಾರೇಜಲ್ಲೇ ಕೂತಿದಾರೆ. ನಿನ್ನೆ ಹೈವೇಲಿ ಎಂಬತ್ತರಲ್ಲಿ ಹೊಡೆದ್ರಂತೆ. ಹೌದಾ?"

ನೇತ್ರಾ ಅಕ್ಕನ ಮುಖ ನೋಡಿದಳು, ನಗು ತಡೆದುಕೊಂಡಳು.

"ಹೌದು ಗಫೂರಣ್ಣ, ಎಂಬತ್ತೇ," ಎಂದಳು. "ನಾನು ಪಕ್ಕದಲ್ಲೇ ಇದ್ದೆ."