ಕುರುಮಮ್ಮನ ಅಪ್ಪ

ಮಕ್ತಲ್ ಸಮೀಪದ ಹಳ್ಳಿಯೊಂದರಲ್ಲಿ, ಕುರುಮಮ್ಮನವರ ದೇವರ ಜಗಲಿಯ ಮೇಲೆ, ಬೀರಪ್ಪನ ಮಗ್ಗುಲಿಗೆ ಇಟಲಿಯ ಪದಕವೊಂದು ಕುಂಕುಮ ಹಚ್ಚಿಸಿಕೊಂಡು ಕೂತಿದೆ. ತಮ್ಮ ಊರನ್ನು ಜರ್ಮನರ ಹಿಡಿತದಿಂದ ಬಿಡಿಸಲು ಬಂದು 1944ರ ಜುಲೈ 16ರಂದು ಮಡಿದ ಹಿಂದೂಸ್ತಾನದ ಸಿಪಾಯಿಗಳ ನೆನಪಿಗೆ ಅಲ್ಲಿಯ ಜನ ಅರುವತ್ತು ವರ್ಷಗಳ ಮೇಲೆ ಹೊಯ್ಯಿಸಿ, ವಾರಸುದಾರರಿಗೆ ಕಳಿಸಿದ ಮುಖವೊಂದು ಮೂಡಿರುವ ಅಪರೂಪದ ಪದಕವದು, ಆದರೆ ಆ ದಿನ ತಂದೆಯನ್ನು ಕಳೆದುಕೊಂಡ ಕುರುಮಮ್ಮನವರಿಗೆ ಅದು ಅಪ್ಪ. ಈ ಕಡೆಯ ಕುರುಬರ ಮನೆಗಳಲ್ಲಿ ತೀರಿಕೊಂಡ ಹಿರಿಯರ ಮುಖವನ್ನು ಬೆಳ್ಳಿಯ ಬಿಲ್ಲೆಯಲ್ಲಿ ಮೂಡಿಸಿ ಪೂಜಿಸುವುದುಂಟು. ಆ ಪ್ರಕಾರ ಅವರು ಪದಕಕ್ಕೆ ರೊಟ್ಟಿಯ ಮೊದಲ ತುತ್ತು ತೋರಿಸುತ್ತಾರೆ, ಜೂರಾಲ ಅಣೆಕಟ್ಟಿನ ನೀರು ಕಾಲುವೆಗೆ ಬಂದ ಸುದ್ದಿ ಹೇಳುತ್ತಾರೆ, ಸೋಮವಾರ ಬಂತೆಂದರೆ ಹುಣಸೆಹಣ್ಣು ಹಚ್ಚಿ ಕೈಸೋಲುವ ತನಕ ತಿಕ್ಕುತ್ತಾರೆ. "ತಿಕ್ಕಬ್ಯಾಡ್ರಿ, ಸವದು ಹೋಗ್ತೈತಿ" ಎಂದವರಿಗೆ, "ಯಾಕ್ರೀ, ನಿಮ್ಮಪ್ಪ ಮಕ ತೊಳಕೊಳ್ಳಂಗಿಲ್ಲೇನು?" ಎಂಬ ಉತ್ತರ ಸಿದ್ಧವಿರುತ್ತದೆ. ಹೋದ ಸಲದ ಹಿರಿಯರ ಅಮಾವಾಸ್ಯೆಗೆ, ಅಂದರೆ 2025ರ ಸೆಪ್ಟೆಂಬರ್ 21ರ ಭಾನುವಾರ, ಮೊಮ್ಮಗ ಮಹೇಂದರ್ ಪದಕ ಒಯ್ಯಲೆಂದೇ ಬಂದ. "ಅಜ್ಜೀ, ಕೊಡು, ಗದ್ವಾಲದ ಮ್ಯೂಸಿಯಂದಾಗ ಗಾಜಿನ ಪೆಟ್ಟಿಗ್ಯಾಗ ಇಡ್ತಾರಂತ. ನೀ ಪೂಜಿ ಮಾಡೋದು ಯಾವನೋ ದೊರಿ ಮಕಕ್ಕ, ನಿಮ್ಮಪ್ಪಂದಲ್ಲ ಅದು." ಕುರುಮಮ್ಮ ಪದಕವನ್ನು ಸೆರಗಿನಲ್ಲಿ ಬಿಗಿಯಾಗಿ ಹಿಡಿದುಕೊಂಡರು. "ನಂಗೊತ್ತಿಲ್ಲೇನಲೇ? ಅಪ್ಪನ ಮಕ ನಾ ಕಂಡಿಲ್ಲ, ಫೋಟೋನೂ ಇಲ್ಲ. ಆದ್ರ ಆ ಮೂಗು ನಮ್ಮ ಮನಿತನದ್ದಲ್ಲಂತ ಮೊದಲನೇ ದಿನಾನ ತಿಳೀತು. ಅದಕ್ಕ ಇಷ್ಟು ವರ್ಷ ತಿಕ್ಕೇನಿ. ಆ ದೊರಿ ಎದ್ದು ಹೋದ್ರನ ನಮ್ಮಪ್ಪಗ ಕೂಡಾಕ ಜಾಗ ಆಗೋದು."